ಮುಂದಿನ ಶನಿವಾರ ಬರ್ತೀರಾ ಅಣ್ಣಾ?

ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದ ದಿನಗಳವು. ಬೆಳಿಗ್ಗೆ ಅರ್ಜಿ ಹಾಕುವುದು, ಸಂಜೆ ಇಮೇಲ್ ನೋಡುವುದು ಬಿಟ್ಟರೆ ಬೇರೇನೂ ಇರಲಿಲ್ಲ. ಲಗ್ಗೆರೆಯ ಸಮುದಾಯ ಭವನವೊಂದರಲ್ಲಿ ಹತ್ತನೇ ತರಗತಿ ಮಕ್ಕಳಿಗೆ ಮೆಂಟರ್ ಬೇಕಂತೆ, ಶನಿವಾರ ಎರಡು ಗಂಟೆ ಕೊಟ್ಟರೆ ಸಾಕಂತೆ ಎಂದು ರೂಂಮೇಟ್ ಹೇಳಿದಾಗ ಹೂಂ ಎಂದೆ. ಸೇವೆಗಿಂತ ರೆಸ್ಯುಮೆಗೆ ಒಂದು ಸಾಲು ಸಿಗುತ್ತದಲ್ಲ ಎಂಬ ಆಸೆಯೇ ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನನ್ನ ಪಾಲಿಗೆ ಬಂದ ಹುಡುಗನಿಗೆ 15 ವರ್ಷ. ತಾಯಿ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು, ತಂದೆ ಯಶವಂತಪುರ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ಮೊದಲ ಮೂರು ವಾರ ಅವನು ಆಡಿದ್ದು ಎರಡೇ ಮಾತು: ‘ಹೂಂ’ ಮತ್ತು ‘ಗೊತ್ತಿಲ್ಲ’. ನಾನು ತ್ರಿಕೋನಮಿತಿ ಹೇಳಿಕೊಡಲು ಸಜ್ಜಾಗಿ ಹೋದರೆ ಅವನಿಗೆ ಭಿನ್ನರಾಶಿಯೇ ಬರುತ್ತಿರಲಿಲ್ಲ.

ನಾಲ್ಕನೇ ವಾರ ಭವನದ ಫ್ಯಾನ್ ತಿರುಗದೆ ಗುಂಯ್ ಎನ್ನತೊಡಗಿತು. ‘ಕೆಪಾಸಿಟರ್ ಹೋಗಿರ್ಬೇಕು ಅಣ್ಣಾ’ ಅಂದ. ಅಷ್ಟು ಉದ್ದದ ವಾಕ್ಯ ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಅಂದಿನಿಂದ ನಮ್ಮ ಪಾಠ ಶುರುವಾಗಿದ್ದೇ ವಿಜ್ಞಾನ ಪುಸ್ತಕದ ವಿದ್ಯುತ್ ಅಧ್ಯಾಯದಿಂದ. ರೋಧಕಗಳ ಸಮಾಂತರ ಜೋಡಣೆಯ ಲೆಕ್ಕ ಮಾಡಲು ಭಿನ್ನರಾಶಿ ಕೂಡಲೇಬೇಕಲ್ಲ, ಹಾಗೆ ಕಲಿತ. ಹೊರಡುವಾಗ ಪ್ರತಿ ವಾರವೂ ಕೇಳುತ್ತಿದ್ದ, ‘ಮುಂದಿನ ಶನಿವಾರ ಬರ್ತೀರಾ ಅಣ್ಣಾ?’ ಸುಮ್ಮನೆ ಕೇಳುತ್ತಾನೆ ಅಂದುಕೊಂಡಿದ್ದೆ.

ಮೂರನೇ ತಿಂಗಳು ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಹೊಸ ಕೆಲಸ, ಊರಿನ ಆ ತುದಿಯಿಂದ ಈ ತುದಿಗೆ ಓಡಾಟ. ಒಂದು ಶನಿವಾರ ತಪ್ಪಿತು, ಇನ್ನೊಂದು ತಪ್ಪಿತು. ಫೋನ್ ಮಾಡಿ ಹೇಳಬೇಕು ಎಂದುಕೊಳ್ಳುತ್ತಲೇ ಆರು ವಾರ ಕಳೆಯಿತು.

ಹುಡುಗ ಬರುತ್ತಿಲ್ಲ ಎಂದು ಸಂಯೋಜಕರು ಹೇಳಿದಾಗ ಅವರ ಜೊತೆಗೇ ಮನೆಗೆ ಹೋದೆ. ಅವನ ತಾಯಿ ಬೈಯಲಿಲ್ಲ. ‘ಎರಡು ಶನಿವಾರ ಬ್ಯಾಗ್ ಹಾಕ್ಕೊಂಡು ಹೋಗಿ ವಾಪಸ್ ಬಂದ. ಆಮೇಲೆ ಗ್ಯಾರೇಜಿಗೆ ಹೋಗ್ತೀನಿ ಅಂದ’ ಎಂದರು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ಈ ವಿಷಯವನ್ನು ಓದತೊಡಗಿದೆ. ಮೆಂಟರಿಂಗ್ ಹೊಸದೇನಲ್ಲ. 1904ರಲ್ಲಿ ನ್ಯೂಯಾರ್ಕ್‌ನ ಮಕ್ಕಳ ನ್ಯಾಯಾಲಯದ ಗುಮಾಸ್ತ ಅರ್ನೆಸ್ಟ್ ಕೌಲ್ಟರ್, ಕಟಕಟೆಗೆ ಬರುವ ಹುಡುಗರನ್ನು ನೋಡಲಾರದೆ, ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ಹಿರಿಯ ಗೆಳೆಯನಾಗಿ ಎಂದು ಊರಿನವರನ್ನು ಕೇಳಿಕೊಂಡ. ‘ಬಿಗ್ ಬ್ರದರ್ಸ್’ ಹುಟ್ಟಿದ್ದು ಹಾಗೆ. ಆ ಕಾರ್ಯಕ್ರಮದ ಮಕ್ಕಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ನನ್ನ ನಿದ್ದೆಗೆಡಿಸಿತು. ವರ್ಷವಿಡೀ ಜೊತೆಗಿದ್ದ ಮೆಂಟರ್‌ಗಳಿಂದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಸಂಬಂಧ ಮುರಿದುಬಿದ್ದ ಮಕ್ಕಳಲ್ಲಿ ತಮ್ಮ ಬಗೆಗಿನ ಗೌರವವೇ ಕುಸಿದಿತ್ತು. ಅಂದರೆ, ಅರ್ಧಕ್ಕೆ ಬಿಡುವುದಕ್ಕಿಂತ ಹೋಗದಿರುವುದೇ ಮೇಲು.

ನಮ್ಮಲ್ಲಿ ಈ ವಯಸ್ಸು ಇನ್ನೂ ಸೂಕ್ಷ್ಮ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಶಾಲೆ ಬಿಟ್ಟ ಹುಡುಗನನ್ನು ಯಾಕೆ ಬರಲಿಲ್ಲ ಎಂದು ಕೇಳುವವರು ಕಡಿಮೆ. ಗ್ಯಾರೇಜಿನವರು ಮಾತ್ರ ಕೇಳುತ್ತಾರೆ.

ಮತ್ತೆ ಹೋದೆ. ‘ಈ ಸಲ ಎಷ್ಟು ವಾರ?’ ಎಂದ. ಪರೀಕ್ಷೆಯವರೆಗೆ ಬರುತ್ತೇನೆ, ಬರಲಾಗದಿದ್ದರೆ ಹಿಂದಿನ ದಿನವೇ ಫೋನ್ ಮಾಡುತ್ತೇನೆ ಎಂದೆ. ಎರಡು ಸಲ ತಪ್ಪಿತು, ಎರಡೂ ಸಲ ಮಾಡಿದೆ. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಗಣಿತ ಹೋಯಿತು. ಸಂಜೆ ಅವನೇ ಫೋನ್ ಮಾಡಿದ: ‘ಎರಡನೇ ಪರೀಕ್ಷೆ ಇದೆಯಲ್ಲ ಅಣ್ಣಾ, ಶನಿವಾರ ಬರ್ತೀರಲ್ವಾ?’ ಅದರಲ್ಲಿ ಪಾಸಾದ. ಪಿಯುಸಿ ಸೇರು ಎಂದು ನಾನು ಎರಡು ವಾರ ವಾದಿಸಿದೆ. ಅವನು ಐಟಿಐ ಎಲೆಕ್ಟ್ರಿಷಿಯನ್ ಆರಿಸಿಕೊಂಡ. ಅವನೇ ಸರಿ ಎಂದು ಈಗ ಅನ್ನಿಸುತ್ತದೆ.

ನೀವೂ ಹೋಗಬಹುದು. ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ ಡ್ರೀಮ್ ಎ ಡ್ರೀಮ್, 2006ರಲ್ಲಿ ಕೊಚ್ಚಿಯಲ್ಲಿ ಕಾಲೇಜು ಹುಡುಗರೇ ಕಟ್ಟಿದ ಮೇಕ್ ಎ ಡಿಫರೆನ್ಸ್‌ನಂಥ ಸಂಸ್ಥೆಗಳಿವೆ. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯಲ್ಲೂ ಕೇಳಿ ನೋಡಿ. ಗುರುತಿನ ದಾಖಲೆ ಕೇಳಿದರೆ ಬೇಸರ ಬೇಡ, ಅದು ಮಕ್ಕಳ ಸುರಕ್ಷತೆಗೆ. ಮಕ್ಕಳನ್ನು ಭೇಟಿಯಾಗುವುದು ನಾಲ್ಕು ಜನರಿರುವ ಜಾಗದಲ್ಲೇ ಇರಲಿ. ದುಡ್ಡು ಕೊಡುವುದು, ದೊಡ್ಡ ಮಾತು ಕೊಡುವುದು ಬೇಡ. ಮನೆಯಲ್ಲಿ ಹಿಂಸೆಯಂಥ ಗಂಭೀರ ವಿಷಯ ಹೇಳಿಕೊಂಡರೆ ನೀವೇ ಬಗೆಹರಿಸಲು ಹೋಗದೆ ಸಂಯೋಜಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ನೆನಪಿಟ್ಟುಕೊಳ್ಳಿ.

ಕೆಲಸ ಹುಡುಕುತ್ತಿರುವವರು ಒಂದನ್ನು ಮೊದಲೇ ಯೋಚಿಸಿ. ಕೆಲಸ ಸಿಕ್ಕೇ ಸಿಗುತ್ತದೆ. ಆಗ ಶನಿವಾರ ಏನಾಗುತ್ತದೆ? ಅದಕ್ಕೆ ಉತ್ತರವಿದ್ದರೆ ಇವತ್ತೇ ಹೆಸರು ಕೊಡಿ. ಬಿಡಲೇಬೇಕಾದರೂ ಹೇಳಿ ಬಿಡಿ, ಬೇರೊಬ್ಬರನ್ನು ಪರಿಚಯಿಸಿ ಬಿಡಿ. ‘ಮುಂದಿನ ಶನಿವಾರ ಬರ್ತೀರಾ?’ ಎಂದು ಮಕ್ಕಳು ಸುಮ್ಮನೆ ಕೇಳುವುದಿಲ್ಲ.