ನಾಯಿ ವಿಮೆ

ನಾಯಿ ವಿಮೆಯು ಸಾಕುನಾಯಿಯ ಸಾವು, ಅಪಘಾತ, ಕಾಯಿಲೆ ಅಥವಾ ಕಳವಿನಿಂದ ಹಾಗೂ ನಾಯಿಯು ಇತರರಿಗೆ ಮಾಡುವ ಹಾನಿಯಿಂದ ಮಾಲೀಕರಿಗೆ ಒದಗುವ ನಷ್ಟವನ್ನು ಭರಿಸುವ ಸಾಮಾನ್ಯ ವಿಮೆಯ ಒಂದು ಪ್ರಕಾರ. ಭಾರತದಲ್ಲಿ ಇದು ಬಹುಮಟ್ಟಿಗೆ ಒಂದು ವರ್ಷದ ಕರಾರು. ಈ ಒಂದೇ ಹೆಸರಿನಡಿ ಎರಡು ಬಗೆಯ ಯೋಜನೆಗಳು ದೊರೆಯುತ್ತವೆ. ಒಂದು ನಾಯಿ ಸತ್ತರೆ ಹಣ ಕೊಡುತ್ತದೆ. ಇನ್ನೊಂದು ನಾಯಿ ಬದುಕಿರುವಾಗಲೇ ಚಿಕಿತ್ಸೆಯ ವೆಚ್ಚವನ್ನು ಕೊಡುತ್ತದೆ. ಪಾಲಿಸಿ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಈ ವ್ಯತ್ಯಾಸವನ್ನೇ.

ಹಿನ್ನೆಲೆ

ಪ್ರಾಣಿಗಳ ವಿಮೆಯನ್ನು ಸ್ವೀಡನ್ ದೇಶದಲ್ಲಿ 1890ರಲ್ಲಿ ಕ್ಲಾಸ್ ವಿರ್ಗಿನ್ ಎಂಬುವರು ಆರಂಭಿಸಿದರು. ಅದು ಮುಖ್ಯವಾಗಿ ಕುದುರೆ ಮತ್ತು ದನಕರುಗಳಿಗೆ ಸಂಬಂಧಿಸಿತ್ತು. ನಾಯಿಗೆ ಮೊದಲ ಪಾಲಿಸಿ ದೊರೆತದ್ದು 1924ರಲ್ಲಿ, ಅದೇ ದೇಶದಲ್ಲಿ. ಬ್ರಿಟನ್ನಿನಲ್ಲಿ 1947ರಲ್ಲಿ ಇದು ಕಾಣಿಸಿಕೊಂಡಿತು.

ಭಾರತದಲ್ಲಿ ಸಾಮಾನ್ಯ ವಿಮೆಯು 1973ರ ಜನವರಿ 1ರಿಂದ ರಾಷ್ಟ್ರೀಕೃತವಾಗಿ ನಾಲ್ಕು ಸರಕಾರಿ ಕಂಪನಿಗಳ ಕೈಗೆ ಬಂದಿತು. ಈ ಕಂಪನಿಗಳ ನಾಯಿ ಪಾಲಿಸಿಯು ಜಾನುವಾರು ವಿಮೆಯ ಅಚ್ಚಿನಲ್ಲಿಯೇ ರೂಪುಗೊಂಡಿದೆ. ಹಸು-ಎಮ್ಮೆಗಳ ವಿಮೆ ಉತ್ತರ ಕರ್ನಾಟಕದ ರೈತರಿಗೆ ಪರಿಚಿತವಾದದ್ದೇ: ಗುರುತಿಗೆ ಕಿವಿಯೋಲೆ, ಬೆಲೆ ಕಟ್ಟಲು ಪಶುವೈದ್ಯರ ಪ್ರಮಾಣಪತ್ರ, ಸತ್ತರೆ ಮರಣೋತ್ತರ ಪರೀಕ್ಷೆ. ಅದೇ ರೀತಿ ನಾಯಿಯೂ ಇಲ್ಲಿ ಒಂದು ಸ್ವತ್ತು. ಅದರ ಮಾರುಕಟ್ಟೆ ಬೆಲೆಯೇ ಪರಿಹಾರದ ಆಧಾರ. ಚಿಕಿತ್ಸೆಗೆ ಹಣ ಕೊಡುವ ಯೋಜನೆಗಳು ವ್ಯಾಪಕವಾಗಿ ಬಂದದ್ದು ಈಚೆಗೆ. 2020ರಲ್ಲಿ ಬಜಾಜ್ ಅಲಯನ್ಸ್ ಕಂಪನಿಯು ಇಂತಹ ಪಾಲಿಸಿಯನ್ನು ಹೊರತಂದ ಬಳಿಕ ಬೇರೆ ಖಾಸಗಿ ಕಂಪನಿಗಳೂ ಈ ಕ್ಷೇತ್ರಕ್ಕೆ ಬಂದವು.

ಬೆಲೆ ಮತ್ತು ತಳಿ

ಮರಣ ಪರಿಹಾರದ ಪಾಲಿಸಿಯಲ್ಲಿ ತಳಿಯ ಪ್ರಶ್ನೆ ದೊಡ್ಡದು. ಖರೀದಿಯ ರಸೀದಿಯುಳ್ಳ ಲ್ಯಾಬ್ರಡಾರಿಗೆ ಬೆಲೆ ಕಟ್ಟುವುದು ಸುಲಭ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೂ ಇಂದು ಮಾರುಕಟ್ಟೆಯಿದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತ್ತು. ಆದರೆ ಬೀದಿಯಿಂದ ಮನೆಗೆ ತಂದು ಸಾಕಿದ ನಾಟಿ ನಾಯಿಗೆ ಮಾರುಕಟ್ಟೆ ಬೆಲೆ ಎಂಬುದೇ ಇರುವುದಿಲ್ಲ. ಮನೆಯವರಿಗೆ ಅದು ಎಷ್ಟು ಬೇಕಾದದ್ದು ಎಂಬುದನ್ನು ಪಾಲಿಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಮುರಿದ ಕಾಲು ಕೂಡಿಸಲು ತಗಲುವ ಖರ್ಚು ಮಾತ್ರ ಜಾತಿನಾಯಿಯಷ್ಟೇ. ಆದ್ದರಿಂದ ನಾಟಿ ನಾಯಿ ಸಾಕಿದವರಿಗೆ ಚಿಕಿತ್ಸಾ ಯೋಜನೆಯೇ ಹೆಚ್ಚು ಉಪಯುಕ್ತ.

ಒಂದು ಲೆಕ್ಕ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮನೆಯ ನಾಯಿಯೊಂದು ಗೇಟು ದಾಟಿ ಹೋಗಿ ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡಿತು ಎಂದು ಭಾವಿಸೋಣ. ಶಸ್ತ್ರಚಿಕಿತ್ಸೆ ಮತ್ತು ಒಳರೋಗಿ ಆರೈಕೆಗೆ 28,000 ರೂಪಾಯಿ, ಹೊರರೋಗಿ ತಪಾಸಣೆ ಮತ್ತು ಪಟ್ಟಿ ಬದಲಾವಣೆಗೆ 2,000 ರೂಪಾಯಿ, ಒಟ್ಟು 30,000 ರೂಪಾಯಿ ಖರ್ಚಾಯಿತು. ಪಾಲಿಸಿಯ ವಿಮಾ ಮೊತ್ತ 40,000 ರೂಪಾಯಿ. ಹೊರರೋಗಿ ವೆಚ್ಚ ಅದರಲ್ಲಿ ಸೇರಿಲ್ಲ. ಮಾಲೀಕರ ಪಾಲು ಶೇಕಡಾ 10. ಆಗ 28,000ದಲ್ಲಿ 2,800 ಕಳೆದು 25,200 ರೂಪಾಯಿ ದೊರೆಯುತ್ತದೆ. 4,800 ರೂಪಾಯಿಯನ್ನು ಮಾಲೀಕರೇ ಭರಿಸಬೇಕು. ಅದೇ ಮನೆಯವರ ಬಳಿ ಬರಿಯ ಮರಣ ಪರಿಹಾರದ ಪಾಲಿಸಿ ಇದ್ದಿದ್ದರೆ, ನಾಯಿ ಬದುಕಿ ಉಳಿದ ಕಾರಣ ಅವರಿಗೆ ಏನೂ ದೊರೆಯುತ್ತಿರಲಿಲ್ಲ. ಇಲ್ಲಿನ ಮೊತ್ತಗಳು ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡವು. ಕ್ರಮವನ್ನು ಯಾವ ಪಾಲಿಸಿಗೂ ಅನ್ವಯಿಸಿ ನೋಡಬಹುದು.

ಪಾಲಿಸಿಯಿಂದ ಹೊರಗುಳಿಯುವವು

ಜಾಹೀರಾತಿನಲ್ಲಿ ಕಾಣದ ಸಂಗತಿಗಳೆಲ್ಲ ಪಾಲಿಸಿಯ ಈ ಭಾಗದಲ್ಲಿರುತ್ತವೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಕಾಯಿಲೆಗಳಿಗೆ ಆರಂಭದ ಕೆಲವು ದಿನಗಳ ಕಾಯುವ ಅವಧಿ ಇರುತ್ತದೆ. ಲಸಿಕೆಯಿಂದ ತಡೆಯಬಹುದಾದ ರೇಬೀಸ್, ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳು ಲಸಿಕೆ ಹಾಕಿಸದ ನಾಯಿಗೆ ಬಂದರೆ ಕ್ಲೇಮು ತಿರಸ್ಕೃತವಾಗುತ್ತದೆ. ಮರಿಗಳಲ್ಲಿ ವಾಂತಿ ಮತ್ತು ರಕ್ತಭೇದಿಯಿಂದ ಎರಡು-ಮೂರು ದಿನಗಳಲ್ಲಿಯೇ ಜೀವ ತೆಗೆಯಬಲ್ಲ ಪಾರ್ವೊ ವಿಷಯದಲ್ಲಿ ಇದು ಮುಖ್ಯ. ಲಸಿಕೆಯ ಪುಸ್ತಕವೇ ಇಲ್ಲಿ ಅರ್ಧ ಪಾಲಿಸಿ ಎನ್ನಬಹುದು. ಗರ್ಭಧಾರಣೆ, ಹೆರಿಗೆ, ಹಲ್ಲಿನ ಸ್ವಚ್ಛತೆ ಮತ್ತು ಅಂದಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಗಳನ್ನು ಅನೇಕ ಯೋಜನೆಗಳು ಹೊರಗಿಡುತ್ತವೆ. ಸಂತಾನಶಕ್ತಿಹರಣ ಮಾಡಿಸದ ಹೆಣ್ಣುನಾಯಿಯಿದ್ದರೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಗೆ ರಕ್ಷಣೆಯಿದೆಯೇ ಎಂದು ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು.

ಯೋಜನೆಯ ಆಯ್ಕೆ

ವಯಸ್ಸು ಮೊದಲ ಅಡ್ಡಿ. ಸರಕಾರಿ ಕಂಪನಿಗಳ ಪಾಲಿಸಿ ಸಾಮಾನ್ಯವಾಗಿ 8 ವಾರದಿಂದ 8 ವರ್ಷದವರೆಗಿನ ನಾಯಿಗಳಿಗೆ ದೊರೆಯುತ್ತದೆ. ಖಾಸಗಿ ಯೋಜನೆಗಳಲ್ಲಿ ಮಿತಿಗಳು ಬೇರೆ. ಗ್ರೇಟ್ ಡೇನ್‌ನಂತಹ ಭಾರಿ ತಳಿಗಳ ಆಯುಷ್ಯ ಕಡಿಮೆಯಾದ್ದರಿಂದ ಅವುಗಳಿಗೆ ಪ್ರವೇಶದ ವಯಸ್ಸೂ ಕಡಿಮೆ. ಕಾಯಿಲೆಯ ಇತಿಹಾಸ ಬೆಳೆಯುವ ಮೊದಲೇ, ಮರಿಯಾಗಿದ್ದಾಗಲೇ ವಿಮೆ ಮಾಡಿಸಿದವರಿಗೆ ತಕರಾರು ಕಡಿಮೆ.

ಪ್ರೀಮಿಯಂ ಕಡಿಮೆ ಎಂಬ ಒಂದೇ ಕಾರಣಕ್ಕೆ ಯೋಜನೆ ಆರಿಸುವುದು ಸರಿಯಲ್ಲ. ಒಂದೊಂದು ಚಿಕಿತ್ಸೆಗೆ ಒಳಮಿತಿ ಇದೆಯೇ, ಕಳೆದ ವರ್ಷ ಬಂದ ಕಾಯಿಲೆಯನ್ನು ನವೀಕರಣದ ನಂತರ ಹಳೆಯ ಕಾಯಿಲೆ ಎನ್ನುತ್ತಾರೆಯೇ, ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಚಿಕಿತ್ಸಾಲಯವಿದೆಯೇ ಎಂದು ನೋಡಬೇಕು. ಪಟ್ಟಿ ಬೆಂಗಳೂರಿಗೆ ಸೀಮಿತವಾಗಿದ್ದರೆ ಇಲ್ಲಿನವರು ಮೊದಲು ಹಣ ಕಟ್ಟಿ ಆಮೇಲೆ ಬಿಲ್ಲು ಸಲ್ಲಿಸಬೇಕಾಗುತ್ತದೆ. ಮಕ್ಕಳು ಆಡುವ ಇಕ್ಕಟ್ಟಿನ ಓಣಿಯಲ್ಲಿ ವಾಸಿಸುವವರಿಗೆ, ನಾಯಿ ಕಚ್ಚಿದಾಗ ಬರುವ ಹೊಣೆಯನ್ನು ಭರಿಸುವ ಮೂರನೆಯ ವ್ಯಕ್ತಿ ಹೊಣೆಗಾರಿಕೆಯ ಹೆಚ್ಚುವರಿ ರಕ್ಷಣೆ ಉಪಯುಕ್ತ.

ಕ್ಲೇಮು ಮತ್ತು ದೂರು

ಅಪಘಾತ ಅಥವಾ ಕಾಯಿಲೆಯ ಸುದ್ದಿಯನ್ನು ತಡಮಾಡದೆ ಕಂಪನಿಗೆ ತಿಳಿಸಬೇಕು. ಲಸಿಕೆ ದಾಖಲೆ, ಔಷಧ ಚೀಟಿ, ಮೂಲ ಬಿಲ್ಲುಗಳು ಮತ್ತು ನಾಯಿಯನ್ನು ಗುರುತಿಸುವ ಫೋಟೋ ಅಥವಾ ಚರ್ಮದಡಿ ಇರಿಸಿದ ಮೈಕ್ರೋಚಿಪ್ಪಿನ ಸಂಖ್ಯೆ ಬೇಕಾಗುತ್ತವೆ. ನಾಯಿ ಸತ್ತಾಗ ದುಃಖದಲ್ಲಿ ಕೂಡಲೇ ಹೂಳಿಬಿಡುವುದು ಸಹಜ. ಆದರೆ ಮರಣೋತ್ತರ ವರದಿ ಕೇಳುವ ಪಾಲಿಸಿಯಲ್ಲಿ ಕ್ಲೇಮು ಅಲ್ಲಿಗೇ ಬಿದ್ದುಹೋಗಬಹುದು. ಹೂಳುವ ಮೊದಲು ಕಂಪನಿಗೆ ಒಂದು ಕರೆ ಮಾಡಿ ಪಶುವೈದ್ಯರಿಂದ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕು.

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ವಿಮಾ ಓಂಬುಡ್ಸ್‌ಮನ್ ಅವರನ್ನು ಒಂದು ವರ್ಷದೊಳಗೆ ಸಂಪರ್ಕಿಸಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ತೆರೆದಿರುತ್ತದೆ.