ಕಡಲಹಕ್ಕಿಯ ಭಾವಚಿತ್ರ

‘ಭಾವಚಿತ್ರ’ವೆಂಬ ಶಬ್ದವನ್ನು ನಾವು ಮನುಷ್ಯರ ಮುಖಗಳಿಗೆ ಮೀಸಲಾಗಿಟ್ಟಿದ್ದೇವೆ. ಇಂಗ್ಲಿಷಿನ ಪೋರ್ಟ್ರೇಟ್ ಎಂಬುದರ ಮೂಲಾರ್ಥ ‘ಹೊರಕ್ಕೆಳೆದುದು’ ಎಂದಿಷ್ಟೆ. ಕನ್ನಡದ ಶಬ್ದದಲ್ಲಾದರೋ ಭಾವವೇ ಮುಂದೆ ನಿಂತಿದೆ. ಅಂತರಂಗದ ಭಾವವು ಅನುಭಾವಗಳ ಮೂಲಕ, ಎಂದರೆ ಕಣ್ಣು, ಹುಬ್ಬು, ಮೈಬಣ್ಣ ಮೊದಲಾದುವುಗಳ ವಿಕಾರಗಳ ಮೂಲಕ, ನೋಡುವವನಿಗೆ ಗೋಚರವಾಗುವುದೆಂಬುದು ನಮ್ಮ ಲಾಕ್ಷಣಿಕರ ಮತ. ಈ ಮತವು ಹಕ್ಕಿಯ ಮುಖಕ್ಕೆ ಎಷ್ಟರಮಟ್ಟಿಗೆ ಸಲ್ಲುವುದು? ಸ್ವೇಚ್ಛೆಯಾಗಿ ಬದುಕುವ ಕಡಲಹಕ್ಕಿಗಳ ಸಮೀಪಚಿತ್ರಗಳನ್ನು ತೆಗೆಯುವ ಕಲೆಯನ್ನು ವಿವರಿಸಹೊರಟವನಿಗೆ ಈ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಇದು ಬರಿಯ ಶಬ್ದಚರ್ಚೆಯಲ್ಲವೆಂಬುದು ಮುಂದೆ ತಿಳಿದುಬರುವುದು.

ನಿದರ್ಶನಕ್ಕಾಗಿ ಗ್ಯಾನೆಟ್ ಎಂಬ ಹಕ್ಕಿಯನ್ನು ತೆಗೆದುಕೊಳ್ಳೋಣ. ಉತ್ತರ ಅಟ್ಲಾಂಟಿಕ್ ಸಾಗರದ ಹಕ್ಕಿಯಾದುದರಿಂದ ಇದಕ್ಕೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ. ತೂಕ ಸುಮಾರು ೩ ಕಿಲೋಗ್ರಾಂ. ರೆಕ್ಕೆ ಬಿಚ್ಚಿದಾಗಿನ ಅಗಲ ೧.೮ ಮೀಟರಿನಷ್ಟು, ಬಿಳಿಯ ಮೈ, ಕಪ್ಪು ರೆಕ್ಕೆತುದಿ, ಜೇನುಬಣ್ಣ ಹಚ್ಚಿದಂತಹ ತಲೆ, ಕಠಾರಿಯಂತಹ ಕೊಕ್ಕು. ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ, ಫೋರ್ತ್ ಅಳಿವೆಯ ಬಾಯಿಯ ಬಳಿ, ಬಾಸ್ ರಾಕ್ ಎಂಬ ಬಂಡೆಯೊಂದು ೧೦೦ ಮೀಟರಿಗೂ ಮಿಗಿಲಾಗಿ ಕಡಲಿನಿಂದ ನೆಟ್ಟಗೆ ಎದ್ದು ನಿಂತಿದೆ. ಲಿನ್ನೇಯಸನು ೧೭೫೮ರಲ್ಲಿ ಈ ಹಕ್ಕಿಗೆ ಕೊಟ್ಟ ‘ಬಸ್ಸಾನಸ್’ ಎಂಬ ಲ್ಯಾಟಿನ್ ವಿಶೇಷಣವು ಆ ಬಂಡೆಯ ಹೆಸರಿನಿಂದಲೇ ಬಂದುದು. ೨೦೧೪ರ ಎಣಿಕೆಯಲ್ಲಿ ಅಲ್ಲಿ ೭೫,೨೫೯ ಗೂಡುನೆಲೆಗಳು ಕಂಡುಬಂದು, ಗ್ಯಾನೆಟ್ಟುಗಳ ನೆಲೆಗಳಲ್ಲೆಲ್ಲಾ ಅದೇ ಜಗತ್ತಿನಲ್ಲಿ ಅತಿ ದೊಡ್ಡದೆಂದು ಗಣಿತವಾಯಿತು. ಬೇಸಗೆಯಲ್ಲಿ ದಡದಿಂದ ನೋಡಿದರೆ ಬಂಡೆಗೆ ಸುಣ್ಣ ಬಳಿದಂತೆ ತೋರುವುದು.

ನಮ್ಮ ಕೆರೆಯಂಗಳದ ಕೊಕ್ಕರೆ ಹೆಜ್ಜೆಯ ಸದ್ದಿಗೇ ಹಾರಿಹೋಗುತ್ತದೆ. ಗೂಡಿನಲ್ಲಿ ಕುಳಿತ ಗ್ಯಾನೆಟ್ ಹಾಗಲ್ಲ. ಮನುಷ್ಯನು ಕೆಲವೇ ಮಾರು ದೂರಕ್ಕೆ ಬಂದರೂ ಅದು ಏಳದೆ ಇರಬಹುದು. ಇದನ್ನು ಸ್ನೇಹವೆಂದೂ ಮುಗ್ಧತೆಯೆಂದೂ ಬಣ್ಣಿಸುವ ಪ್ರವಾಸಿಗಳುಂಟು. ನಿಜವಾಗಿ ಅದು ಕಟ್ಟುಬಿದ್ದಿದೆ. ವರ್ಷಕ್ಕೆ ಒಂದೇ ಮೊಟ್ಟೆ. ಅದಕ್ಕೆ ಸುಮಾರು ೪೪ ದಿನಗಳ ಕಾವು. ಆ ಕಾವನ್ನು ಕೊಡುವುದು ತನ್ನ ಜಾಲಪಾದಗಳನ್ನೇ ಮೊಟ್ಟೆಯ ಮೇಲೆ ಹೊದಿಸಿ. ನೆರೆಯ ಗೂಡು ಕೊಕ್ಕಿಗೆ ಎಟಕುವಷ್ಟೇ ದೂರ. ತಾಯಿಯೋ ತಂದೆಯೋ ಎದ್ದ ಕ್ಷಣದಲ್ಲಿ ಹೊಂಚುವ ಗಲ್ ಹಕ್ಕಿಗಳು ಮೊಟ್ಟೆಯನ್ನು ಒಯ್ಯುವುವು. ನೆರೆಯವು ಗೂಡಿನ ಸೊಪ್ಪುಸದೆಯನ್ನು ಕದಿಯುವುವು. ಗಿಲ್ಲಿಮಾಟ್ ಎಂಬ ಇನ್ನೊಂದು ಹಕ್ಕಿಯ ಸ್ಥಿತಿ ಇದಕ್ಕಿಂತಲೂ ನಾಜೂಕು: ಅದು ಗೂಡನ್ನೇ ಕಟ್ಟದೆ ಬಂಡೆಯಂಚಿನಲ್ಲಿ ಮೊಟ್ಟೆಯಿಡುವುದರಿಂದ, ಗುಂಪು ಬೆದರಿ ಒಮ್ಮೆಗೇ ಎದ್ದರೆ ಮೊಟ್ಟೆಗಳು ಕಡಲಿಗೆ ಉರುಳುವುದುಂಟು. ಆದುದರಿಂದ ಛಾಯಾಗ್ರಾಹಕನಿಗೆ ದೊರೆಯುವ ಸಾಮೀಪ್ಯವನ್ನು ಹಕ್ಕಿಯ ಅನುಗ್ರಹವೆಂದು ತಿಳಿಯಲಾಗದು. ಅದು ಹಕ್ಕಿಯ ನಿರ್ಬಂಧ.

ಈ ಸಾಮೀಪ್ಯವನ್ನು ಮೊದಲು ಸಾಧಿಸಿದವರಲ್ಲಿ ಯಾರ್ಕ್‌ಷೈರಿನ ರಿಚರ್ಡ್ ಕಿಯರ್ಟನ್, ಚೆರಿ ಕಿಯರ್ಟನ್ ಎಂಬ ಸಹೋದರರನ್ನು ನೆನೆಯಲೇಬೇಕು. ೧೮೯೨ರಲ್ಲಿ ಒಂದು ಹಕ್ಕಿಗೂಡಿನ ಚಿತ್ರದಿಂದ ಆರಂಭಿಸಿದ ಇವರು ೧೮೯೫ರಲ್ಲಿ ಬ್ರಿಟನ್ನಿನ ಹಕ್ಕಿಗಳ ಗೂಡುಗಳನ್ನು ಕುರಿತ ಗ್ರಂಥವನ್ನು, ಇದ್ದಲ್ಲಿಯೇ ತೆಗೆದ ಛಾಯಾಚಿತ್ರಗಳೊಡನೆ, ಹೊರತಂದರು. ೧೮೯೬ರಲ್ಲಿ ಸೇಂಟ್ ಕಿಲ್ಡ ದ್ವೀಪಕ್ಕೆ ಹೋದರು. ಭಾರವಾದ ಮರದ ಪೆಟ್ಟಿಗೆ, ಗಾಜಿನ ಫಲಕಗಳು. ಇವನ್ನು ಹೊತ್ತು ಹಗ್ಗ ಹಿಡಿದು ಕಡಲ ಬಂಡೆಗಳಿಂದ ಇಳಿಯುತ್ತಿದ್ದರು. ಬಯಲಿನ ಹಕ್ಕಿಗಳನ್ನು ವಂಚಿಸಲು ಟೊಳ್ಳುಮಾಡಿದ ಎತ್ತಿನ ಚರ್ಮದೊಳಗೆ ಅಡಗಿ ಕೂರುತ್ತಿದ್ದುದನ್ನು ಓದಿ ನಗದವರಿಲ್ಲ. ಆದರೆ ಹಕ್ಕಿಯನ್ನು ಕೊಂದು, ಹುಲ್ಲು ತುಂಬಿ, ಆಮೇಲೆ ಚಿತ್ರ ಬರೆಯುತ್ತಿದ್ದ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿದರೆ, ಆ ಎತ್ತಿನ ವೇಷವು ದೊಡ್ಡ ಮುನ್ನಡೆಯೇ ಸರಿ.

ಇಂದಿನವರ ಉಪಾಯ ದೀರ್ಘನಾಭಿಯ ಮಸೂರ. ೪೦೦ ಅಥವಾ ೬೦೦ ಮಿಲಿಮೀಟರ್ ನಾಭಿದೂರದ ಮಸೂರವಿದ್ದರೆ ದೂರದಲ್ಲಿ ನಿಂತೇ ಹಕ್ಕಿಯ ತಲೆಯನ್ನು ಚಿತ್ರದ ತುಂಬ ತರಬಹುದು. ಇದರಿಂದ ಹಕ್ಕಿಗೆ ಉಪಕಾರವಾಗುವಂತೆ ಚಿತ್ರಕ್ಕೂ ಆಗುವುದು. ಏಕೆಂದರೆ ಗಿಡ್ಡ ಮಸೂರವನ್ನು ಮುಖಕ್ಕೆ ಒಡ್ಡಿ ತೆಗೆದರೆ ಕೊಕ್ಕು ಊದಿ, ತಲೆ ಕುಗ್ಗಿ, ಹಕ್ಕಿ ವಿದೂಷಕನಂತೆ ಕಾಣುವುದು. ನಷ್ಟವೂ ಇಲ್ಲದಿಲ್ಲ. ಸ್ಫುಟವಾಗಿ ಮೂಡುವ ಭಾಗದ ಆಳ ಬಹಳ ಕಿರಿದಾಗಿ, ಕಣ್ಣು ತಿಳಿಯಾದರೆ ಕೊಕ್ಕಿನ ತುದಿ ಮಸಕಾಗುತ್ತದೆ. ಆದಕಾರಣವೇ ಬಲ್ಲವರು ಪಾರ್ಶ್ವಮುಖಕ್ಕಾಗಿ ಕಾಯುವರು, ಇಲ್ಲವೆ ಮಸೂರದ ಕಂಡಿಯನ್ನು ಕಿರಿದುಮಾಡುವರು. ಬಿಳಿಯ ಗರಿ ಇನ್ನೊಂದು ತೊಡಕು. ಯಂತ್ರದ ಬೆಳಕಿನ ಮಾಪಕವು ಕಂಡುದನ್ನೆಲ್ಲ ನಡುಬೂದಿಗೆ ತರುವ ಸ್ವಭಾವದ್ದು. ಕರಿಬಂಡೆಯ ಮುಂದೆ ಬಿಳಿಹಕ್ಕಿ ಕುಳಿತಿರುವಾಗ ಅದರ ಮಾತನ್ನು ಕೇಳಿದರೆ ಬಂಡೆ ಬೆಳಗುತ್ತದೆ, ಗರಿಯ ಎಳೆಗಳು ಬಿಳುಪಿನಲ್ಲಿ ಅಳಿಸಿಹೋಗುತ್ತವೆ. ಬೆಳಕನ್ನು ಒಂದಿಷ್ಟು ತಗ್ಗಿಸಿಕೊಳ್ಳಬೇಕು. ಮೋಡ ಮುಸುಕಿದ ದಿನವಾದರೆ ಇನ್ನೂ ಲೇಸು. ಮಸೂರದ ಮೇಲೆ ಒಣಗಿದ ಕಡಲುಪ್ಪನ್ನು ಒಣಬಟ್ಟೆಯಿಂದ ಉಜ್ಜಿದವನು ಗಾಜಿನ ಗೀರುಗಳನ್ನು ಜೀವಮಾನವೆಲ್ಲ ನೋಡಬೇಕಾದೀತು. ಸಿಹಿನೀರಿನಲ್ಲಿ ತೊಯ್ಸಿದ ಬಟ್ಟೆ ಬೇಕು.

ಹೀಗೆ ತೆಗೆದ ಚಿತ್ರವು ಬರಿಗಣ್ಣಿಗೆ ತಪ್ಪಿಹೋಗುವುದನ್ನು ತೋರಿಸುತ್ತದೆ. ಗ್ಯಾನೆಟ್ಟಿನ ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳಿಲ್ಲ. ಎತ್ತರದಿಂದ ನೀರಿಗೆ ಧುಮುಕುವ ಹಕ್ಕಿಗೆ ಅವು ಇದ್ದರೆ ತೊಂದರೆಯಷ್ಟೆ. ಕೊಕ್ಕಿನ ತುದಿಯಲ್ಲಿ ಒಮ್ಮೊಮ್ಮೆ ಒಂದು ಹನಿ ತೂಗುತ್ತಿರುವುದು. ಅದು ನೀರಡಿಕೆಯ ಜೊಲ್ಲಲ್ಲ, ಕಂಬನಿಯೂ ಅಲ್ಲ. ಕಣ್ಣಿನ ಮೇಲಣ ಗ್ರಂಥಿಯು ರಕ್ತದಿಂದ ಬೇರ್ಪಡಿಸಿ ಹೊರಹಾಕಿದ ಉಪ್ಪುನೀರು. ಕಡಲಹಕ್ಕಿಗಳಲ್ಲಿ ಈ ಗ್ರಂಥಿಯ ಕೆಲಸವನ್ನು ೧೯೫೦ರ ದಶಕದ ಕೊನೆಯಲ್ಲಿ ಕ್ನುಟ್ ಷ್ಮಿಟ್-ನೀಲ್ಸನ್ ಎಂಬ ಶರೀರಶಾಸ್ತ್ರಜ್ಞನು ತಿಳಿಯಪಡಿಸಿದನು.

ಇನ್ನು ಭಾವದ ಮಾತು. ಗ್ಯಾನೆಟ್ ಕತ್ತನ್ನು ನೀಳವಾಗಿ ಚಾಚಿ ಕೊಕ್ಕನ್ನು ಆಕಾಶಕ್ಕೆ ಎತ್ತಿ ನಿಂತ ಭಂಗಿ ಛಾಯಾಗ್ರಾಹಕರಿಗೆ ಬಹಳ ಪ್ರಿಯ. ಅದರ ಕೆಳಗೆ ‘ಗರ್ವ’ವೆಂದು ಬರೆಯಲು ಯಾರಿಗಾದರೂ ಮನಸ್ಸಾಗುವುದು. ಕೊಕ್ಕನ್ನು ತಗ್ಗಿಸಿ ಪಕ್ಕಪಕ್ಕಕ್ಕೆ ಬಾಗುವ ಇನ್ನೊಂದು ಭಂಗಿಯುಂಟು. ಅದಕ್ಕೆ ‘ವಿನಯ’ವೆಂದು ಬರೆಯುವೆವು. ಎರಡೂ ತಪ್ಪು. ೧೯೬೦ರ ದಶಕದ ಮೊದಲಲ್ಲಿ ಬಾಸ್ ರಾಕಿನ ಮೇಲೆಯೇ ವಾಸವಾಗಿದ್ದು ಈ ಹಕ್ಕಿಗಳನ್ನು ಅಭ್ಯಾಸಮಾಡಿದ ಬ್ರಯನ್ ನೆಲ್ಸನ್ ಇವುಗಳ ಅರ್ಥವನ್ನು ಬಿಡಿಸಿದನು. ಆಕಾಶಕ್ಕೆ ಕೊಕ್ಕೆತ್ತುವುದು ‘ನಾನು ಹೊರಡುತ್ತೇನೆ’ ಎಂದು ಜೊತೆಗಾರನಿಗೆ ಕೊಡುವ ಸೂಚನೆ. ಗೂಡು ಬರಿದಾಗದಂತೆ ಒಂದು ಹೋಗುವಾಗ ಇನ್ನೊಂದು ಉಳಿಯಬೇಕಲ್ಲವೆ? ಬಾಗುವುದೋ, ‘ಈ ನೆಲ ನನ್ನದು’ ಎಂಬ ಸಾಧನೆ. ನಮಗೆ ನಮಸ್ಕಾರವಾಗಿ ಕಂಡುದು ಅಲ್ಲಿ ಗಡಿಕಲ್ಲು. ಅನುಭಾವಗಳು ಉಂಟು, ಆದರೆ ಅವುಗಳ ನಿಘಂಟು ನಮ್ಮದಲ್ಲ.

ಅನುಭಾವವೇ ಇಲ್ಲದೆ ಒಳಗೆ ಕ್ಷೋಭೆಯಿರುವುದೂ ಸಾಧ್ಯ. ಚಿಲಿ ದೇಶದ ತೀರದ ದ್ವೀಪವೊಂದರಲ್ಲಿ ಕಾವಿಗೆ ಕುಳಿತ ಹಂಬೋಲ್ಟ್ ಪೆಂಗ್ವಿನ್ನುಗಳ ಎದೆಬಡಿತವನ್ನು ಅಳೆದು ನೋಡಿದವರ ಫಲಿತಗಳು ೨೦೦೬ರಲ್ಲಿ ಪ್ರಕಟವಾದುವು. ೧೫೦ ಮೀಟರ್ ದೂರದಲ್ಲಿ ಮನುಷ್ಯನೊಬ್ಬನು ಹಾದುಹೋದರೂ ಬಡಿತ ಏರುತ್ತಿತ್ತು. ಹತ್ತಿರ ಹೋದರಂತೂ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯವರೆಗೂ ಬೇಕಾಗುತ್ತಿತ್ತು. ‘ಎಷ್ಟು ಶಾಂತವಾಗಿ ಕುಳಿತಿದೆ!’ ಎಂದು ನಾವು ಮೆಚ್ಚುವ ಚಿತ್ರಗಳಲ್ಲಿ ಎಷ್ಟು ಇಂತಹವೋ. ಗೂಡಿನ ಬಳಿ ಹತ್ತಿರ ಹೋಗಿ ತೆಗೆದ ಚಿತ್ರವನ್ನು, ಅದು ಎಷ್ಟೇ ಅಂದವಾಗಿರಲಿ, ನಾನು ಒಪ್ಪಲಾರದಿರುವುದು ಈ ಕಾರಣದಿಂದ.

ಆದರೂ ಸಮೀಪಚಿತ್ರವೇ ಬೇಡವೆಂದು ಹೇಳಲು ಬಾರದು. ೨೦೨೨ರ ಜೂನ್ ತಿಂಗಳಿನಲ್ಲಿ ಬಾಸ್ ರಾಕಿಗೆ ಹಕ್ಕಿಜ್ವರ ತಗುಲಿ ಗ್ಯಾನೆಟ್ಟುಗಳು ರಾಶಿಯಾಗಿ ಸತ್ತುವು. ಬದುಕುಳಿದ ಕೆಲವು ಹಕ್ಕಿಗಳ ಮುಖದಲ್ಲಿ ಹಿಂದೆ ಕಾಣದ ಒಂದು ವ್ಯತ್ಯಾಸ ತೋರಿತು. ಗ್ಯಾನೆಟ್ಟಿನ ಕಣ್ಣಿನಲ್ಲಿ ಪಾಪೆಯ ಸುತ್ತಣ ವಲಯವು ಸಹಜವಾಗಿ ತಿಳಿನೀಲಿ. ಇವುಗಳಲ್ಲಿ ಅದು ಇಡಿಯಾಗಿಯೋ ಅಲ್ಲಲ್ಲಿಯೋ ಕಪ್ಪಾಗಿತ್ತು. ನೋಡಲು ಆರೋಗ್ಯವಾಗಿದ್ದ ೧೮ ಹಕ್ಕಿಗಳ ರಕ್ತವನ್ನು ಪರೀಕ್ಷಿಸಲಾಗಿ ೮ರಲ್ಲಿ ಈ ರೋಗದ ಪ್ರತಿಕಾಯಗಳು ಕಂಡುಬಂದುವು. ಆ ೮ರಲ್ಲಿ ೭ಕ್ಕೆ ಕಪ್ಪುಗಣ್ಣು. ಎಂದರೆ ರೋಗವನ್ನು ಗೆದ್ದ ಹಕ್ಕಿಯ ಕಣ್ಣಿನಲ್ಲಿ ಆ ರೋಗದ ಗುರುತು ಉಳಿಯಬಹುದೆಂದಾಯಿತು. ೨೦೨೩ರಲ್ಲಿ ಈ ಸಂಶೋಧನೆ ಪ್ರಕಟವಾದ ಮೇಲೆ, ತಲೆಯನ್ನು ಸ್ಫುಟವಾಗಿ ತೋರಿಸುವ, ದಿನಾಂಕ ಸಹಿತವಾದ ಪ್ರತಿಯೊಂದು ಚಿತ್ರವೂ ಒಂದು ಆಧಾರಪತ್ರವೆನಿಸಿತು. ದಿನಾಂಕವೂ ಸ್ಥಳವೂ ಇಲ್ಲದ ಚಿತ್ರವನ್ನು ಕಾಲನಿರ್ದೇಶವಿಲ್ಲದ ಶಾಸನಕ್ಕೆ ಹೋಲಿಸಬಹುದು. ಅವುಗಳ ಜೊತೆಗೆ ಎಷ್ಟು ದೂರದಿಂದ ತೆಗೆದುದೆಂಬುದನ್ನೂ ಬರೆದಿಡುವುದು ಯುಕ್ತ.

ರೋಗದ ವರ್ಷಗಳಲ್ಲಿ ಹಕ್ಕಿನೆಲೆಗಳ ಮೇಲೆ ಕಾಲಿಡುವುದನ್ನು ಹಲವೆಡೆ ತಡೆದರು. ಇಂಗ್ಲೆಂಡಿನ ಫಾರ್ನ್ ದ್ವೀಪಗಳಲ್ಲಿ ೨೦೨೨ರಲ್ಲಿ ನಿಂತ ಇಳಿದಾಣವು ಮತ್ತೆ ತೆರೆದುದು ೨೦೨೪ರಲ್ಲಿ. ಆಗ ಉಳಿದ ದಾರಿಗಳೆಂದರೆ ದೋಣಿ, ಮತ್ತು ಬಂಡೆಯ ಮೇಲೆ ನೆಟ್ಟು ದಡದಿಂದಲೇ ತಿರುಗಿಸಬಹುದಾದ ಯಂತ್ರಗಳು. ಬಾಸ್ ರಾಕಿನ ಎದುರಿನ ನಾರ್ತ್ ಬೆರಿಕ್ ಊರಿನ ಕಡಲಹಕ್ಕಿ ಕೇಂದ್ರದಲ್ಲಿ ಇಂತಹ ಏರ್ಪಾಡುಂಟು. ೨೦೨೩ರಲ್ಲಿ ಹಾರುಯಂತ್ರದಿಂದ ಬಂಡೆಯ ಚಿತ್ರಗಳನ್ನು ತೆಗೆದು ಗೂಡುನೆಲೆಗಳನ್ನು ಮತ್ತೆ ಎಣಿಸಲಾಗಿ ೫೧,೮೪೪ ಮಾತ್ರ ದೊರೆತುವು. ಆ ಚಿತ್ರಗಳಲ್ಲಿ ಪ್ರತಿ ಹಕ್ಕಿಯೂ ಒಂದು ಬಿಳಿಯ ಚುಕ್ಕೆ. ಯಾವುದರ ಕಣ್ಣು ನೀಲಿ, ಯಾವುದರದು ಕಪ್ಪು ಎಂಬುದು ಅಷ್ಟು ಎತ್ತರದಿಂದ ತಿಳಿಯುವಂತಿಲ್ಲ.