ಥರ್ಮಾಕೋಲ್ ದಿಮ್ಮಿಯೊಳಗೆ ಒಂದು ಕ್ಯಾನ್‌ಬೆರಾ

ಪೀಠೋಪಕರಣದ ಅಂಗಡಿಯಲ್ಲಿ ಬಿಸಾಡಿದ ಸನ್‌ಮೈಕಾದ ಎರಡು ಚೂರು, ಕರೆಂಟ್ ಒಲೆಯ ಹಳೆಯ ಕಾಯಿಲ್ ಬಿಡಿಸಿ ನೆಟ್ಟಗೆ ಮಾಡಿದ ಒಂದು ಮೀಟರ್ ತಂತಿ, ಬೈಕಿನ ಬ್ಯಾಟರಿ, ಒಂದು ಥರ್ಮಾಕೋಲ್ ದಿಮ್ಮಿ. ಜೆಟ್ ಬಾಂಬರಿನ ರೆಕ್ಕೆ ಹುಟ್ಟುವುದಕ್ಕೆ ಇಷ್ಟು ಸಾಮಾನು ಸಾಕು. ಮರಗೆಲಸಕ್ಕೆ ಹೆಸರಾದ ಹುಣಸೂರಿನಲ್ಲಿ ಸನ್‌ಮೈಕಾ ಚೂರಿಗೆ ಬರವಿಲ್ಲ. ಆದರೆ ಒಬ್ಬರಿಂದ ಈ ಕೆಲಸ ಆಗದು, ಇಬ್ಬರು ಬೇಕು.

ಸನ್‌ಮೈಕಾವನ್ನು ರೆಕ್ಕೆಯ ಅಡ್ಡಸೀಳಿನ ಆಕಾರಕ್ಕೆ ಕತ್ತರಿಸಿ, ಅಂಚನ್ನು ಮರಳುಕಾಗದದಲ್ಲಿ ನುಣುಪಾಗಿ ತೀಡಿ, ದಿಮ್ಮಿಯ ಎರಡು ತುದಿಗೆ ಸಣ್ಣ ಮೊಳೆಯಿಂದ ಕೂರಿಸುತ್ತಾರೆ. ಒಂದು ತುದಿಯ ಅಚ್ಚು ದೊಡ್ಡದು, ಇನ್ನೊಂದು ಚಿಕ್ಕದು. ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಎರಡೂ ಅಚ್ಚಿನ ಮೇಲೆ ಒಂದರಿಂದ ಹತ್ತರವರೆಗೆ ಗೆರೆ ಎಳೆದು ಅಂಕಿ ಬರೆದಿರುತ್ತಾರೆ. ತಂತಿ ಬಿಸಿಯಾಗುತ್ತದೆ, ಆದರೆ ಕೆಂಪಗಾಗಬಾರದು. ಇಬ್ಬರೂ ತಂತಿಯ ಒಂದೊಂದು ತುದಿ ಹಿಡಿದು ಅಚ್ಚಿನ ಮೇಲೆ ಜಾರಿಸುತ್ತಾ ಹೋಗುತ್ತಾರೆ. ‘ಒಂದು’ ಎಂದು ಒಬ್ಬ ಕೂಗಿದರೆ ‘ಒಂದು’ ಎಂದು ಇನ್ನೊಬ್ಬ ಉತ್ತರ ಕೊಡಬೇಕು. ‘ಎರಡು’ ಅಂದರೆ ‘ಎರಡು’. ದೊಡ್ಡ ಅಚ್ಚಿನವನ ದಾರಿ ಉದ್ದ, ಅವನ ಕೈ ಬೇಗ ಸಾಗಬೇಕು. ಚಿಕ್ಕ ಅಚ್ಚಿನವನು ತಾಳ್ಮೆಯಿಂದ ಕಾಯಬೇಕು. ಒಬ್ಬ ಅರೆಗಳಿಗೆ ನಿಂತರೂ ತಂತಿ ಅಲ್ಲೇ ಕರಗಿಸಿ ಹಳ್ಳ ಮಾಡುತ್ತದೆ. ಕಮಟು ವಾಸನೆ ಬರುತ್ತದೆ. ಅದಕ್ಕೇ ಈ ಕೆಲಸಕ್ಕೆ ಮನೆಯ ಒಳಗಿಗಿಂತ ತಾರಸಿಯೇ ಸರಿ. ಮನೆಯ 230 ವೋಲ್ಟ್ ಕರೆಂಟಿಗೆ ಈ ತಂತಿಯನ್ನು ಎಂದೂ ಜೋಡಿಸಕೂಡದು. ಹತ್ತು ಎಣಿಸಿ ಮುಗಿಸಿ ಮೇಲಿನ ತೊಗಟೆ ಎತ್ತಿದರೆ, ಹಲಸಿನ ತೊಳೆ ಬಿಡಿಸಿದ ಹಾಗೆ, ಒಳಗಿನಿಂದ ರೆಕ್ಕೆ ಬರುತ್ತದೆ.

ಹೀಗೆ ಹಗುರ ಫೋಮಿನಲ್ಲಿ ವಿಮಾನ ಮಾಡಿ ರೇಡಿಯೊ ರಿಮೋಟಿನಿಂದ ಹಾರಿಸುವ ಕಲೆಗೆ ಏರೋಮಾಡೆಲಿಂಗ್ ಎಂದು ಹೆಸರು. ಬಾಲ್ಸಾ ಮರದ ಕಾಲದಲ್ಲಿ ಇದು ದುಬಾರಿ ಹವ್ಯಾಸ. ಬಾಲ್ಸಾ ದಕ್ಷಿಣ ಅಮೆರಿಕದಿಂದ ಬರಬೇಕು, ಪುಟ್ಟ ಎಂಜಿನ್ ಹೆಚ್ಚಾಗಿ ಹೊರದೇಶದಿಂದ ಬರಬೇಕು. ಬ್ರಷ್‌ಲೆಸ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿ ಕೈಗೆಟುಕಿದ ಮೇಲೆ ಚಿತ್ರ ಬದಲಾಯಿತು. ಈಗ ಪಿರಿಯಾಪಟ್ಟಣದ ಮನೆಗೂ ಮೋಟಾರು ಕೊರಿಯರ್‌ನಲ್ಲಿ ಬಂದಿಳಿಯುತ್ತದೆ. ಉಳಿದದ್ದೆಲ್ಲ ಊರಲ್ಲೇ ಸಿಗುವ ಫೋಮು, ಫೆವಿಕಾಲ್, ಬಿದಿರಿನ ಸೀಳು.

ಯಾವ ವಿಮಾನ ಮಾಡೋಣ ಎಂದರೆ ಹುಡುಗರು ಹೇಳುವುದು ರಫೇಲ್ ಅಥವಾ ಸುಖೋಯ್. ಮೊದಲ ಜೆಟ್ ಮಾದರಿಗೆ ಇವೆರಡೂ ಬೇಡ. ಕ್ಯಾನ್‌ಬೆರಾವೇ ಸರಿ, ಕಾರಣ ಅದರ ರೆಕ್ಕೆಯಲ್ಲಿದೆ.

ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಕ್ಯಾನ್‌ಬೆರಾ ಮೊದಲು ಹಾರಿದ್ದು 1949ರ ಮೇ 13ರಂದು. ವಿನ್ಯಾಸಕಾರ ಡಬ್ಲ್ಯು.ಇ.ಡಬ್ಲ್ಯು. ಪೆಟ್ಟರ್. ಆ ಹೊತ್ತಿಗೆ ಜೆಟ್ ಎಂದರೆ ಹಿಂದಕ್ಕೆ ಬಾಗಿದ ರೆಕ್ಕೆ ಎಂಬ ಮಾತು ಬಲವಾಗಿತ್ತು. ಪೆಟ್ಟರ್ ಬಾಗಿಸಲಿಲ್ಲ. ಅಗಲವಾದ, ಮೊಂಡಾದ, ಹೆಚ್ಚುಕಮ್ಮಿ ನೇರ ರೆಕ್ಕೆ ಇಟ್ಟರು. ಬಹಳ ಎತ್ತರದ ತೆಳು ಗಾಳಿಯಲ್ಲಿಯೂ ವಿಮಾನ ಹಿಡಿತ ಕಳೆದುಕೊಳ್ಳಬಾರದು, ವೈರಿಯ ಫೈಟರ್‌ಗಳು ಏರಲಾರದ ಎತ್ತರದಲ್ಲಿ ಅದು ಸುರಕ್ಷಿತವಾಗಿ ತಿರುಗಬೇಕು ಎಂಬುದು ಲೆಕ್ಕ. ಆ ಲೆಕ್ಕ ಸರಿಯಿತ್ತು: 1957ರಲ್ಲಿ ರಾಕೆಟ್ ಎಂಜಿನ್ ಜೋಡಿಸಿದ ಕ್ಯಾನ್‌ಬೆರಾ ಒಂದು 70,310 ಅಡಿ ಏರಿ ವಿಶ್ವದಾಖಲೆ ಮಾಡಿತು. ಇದೇ ಪೆಟ್ಟರ್ ಮುಂದೆ ಫೋಲೆಂಡ್ ಕಂಪನಿ ಸೇರಿ ಪುಟಾಣಿ ನ್ಯಾಟ್ ವಿಮಾನವನ್ನೂ ರೂಪಿಸಿದರು. ಅದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಯಿತು, 1965ರ ಯುದ್ಧದಲ್ಲಿ ಹೆಸರು ಮಾಡಿತು.

ಭಾರತ 1957ರಲ್ಲಿ ಕ್ಯಾನ್‌ಬೆರಾ ಕೊಂಡಿತು: 54 ಬಾಂಬರ್, 8 ಛಾಯಾಚಿತ್ರ ವಿಮಾನ, 6 ತರಬೇತಿ ವಿಮಾನ. ಅವುಗಳ ಓವರ್‌ಹಾಲ್ ಆಗುತ್ತಿದ್ದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಇಂಗ್ಲೆಂಡಿನ ವಿಮಾನವೇ ಆದರೂ ಕನ್ನಡದ ಕೈಗಳು ಅದರ ಬೋಲ್ಟುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಬಿಗಿದಿವೆ. 1961ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಕ್ಯಾನ್‌ಬೆರಾಗಳು ಕಾಂಗೊಗೆ ಹೋದವು. ಅದೇ ವರ್ಷ ಡಿಸೆಂಬರ್ 18ರ ಬೆಳಿಗ್ಗೆ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ 12 ಕ್ಯಾನ್‌ಬೆರಾಗಳು ಅಲ್ಲಿನ ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದವು. 2007ರ ಮೇ 11ರಂದು ಆಗ್ರಾದಲ್ಲಿ ಕೊನೆಯ ವಿದಾಯ. ಐವತ್ತು ವರ್ಷದ ಸೇವೆ.

ಆ ರೆಕ್ಕೆಯನ್ನು ಈಗ ಹದಿನಾರನೇ ಒಂದು ಭಾಗಕ್ಕೆ ಇಳಿಸಿ ನೋಡೋಣ. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 64 ಅಡಿ, ಮಾದರಿಯದು ಸರಿಯಾಗಿ 4 ಅಡಿ. ರೆಕ್ಕೆಯ ವಿಸ್ತೀರ್ಣ 960 ಚದರಡಿ. ಉದ್ದ ಹದಿನಾರು ಪಟ್ಟು ಕಿರಿದಾದರೆ ವಿಸ್ತೀರ್ಣ 256 ಪಟ್ಟು ಕಿರಿದಾಗುತ್ತದೆ, ಹಾಗಾಗಿ ಮಾದರಿಗೆ ಮೂರೂ ಮುಕ್ಕಾಲು ಚದರಡಿ. ಇಡೀ ಮಾದರಿ ಒಂದೂವರೆ ಕಿಲೋ ತೂಗಿದರೆ ಪ್ರತಿ ಚದರಡಿ ರೆಕ್ಕೆ ಹೊರುವುದು 400 ಗ್ರಾಂ. ಇದು ಆರಾಮದ ಹೊರೆ. ಅದೇ ಅಳತೆಗೆ ಪಾಕಿಸ್ತಾನ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಮಾಡಿದರೆ? ಅಸಲಿಯ ರೆಕ್ಕೆಯೇ 196 ಚದರಡಿ, ಮಾದರಿಗೆ ಮುಕ್ಕಾಲು ಚದರಡಿ. ಅಂಗೈಯಗಲದ ಎರಡು ಪಟ್ಟಿಗಳ ಮೇಲೆ ಅದು ಬಾಣದ ಹಾಗೆ ಓಡಬೇಕು, ನಿಧಾನಿಸಿದರೆ ಬೀಳುತ್ತದೆ. ಕ್ಯಾನ್‌ಬೆರಾ ನಿಧಾನಿಸಿದರೂ ತೇಲುತ್ತದೆ. ಬಹಳ ಎತ್ತರದ ತೆಳು ಗಾಳಿಗೆಂದು ಮಾಡಿದ ರೆಕ್ಕೆ ಕೆ.ಆರ್.ನಗರದ ಗದ್ದೆಯ ಮೇಲೆ ಹೊಸಬನ ತಪ್ಪುಗಳನ್ನು ಹೊರುತ್ತದೆ. ಎಂಜಿನಿಯರಿಂಗ್ ಪುಸ್ತಕದ ಒಂದು ಅಧ್ಯಾಯವನ್ನು ಪಿಯುಸಿ ಹುಡುಗಿ ತನ್ನ ಕೈಯಲ್ಲೇ ಎತ್ತಿ ಹಿಡಿಯಬಹುದಾದ ದಾರಿ ಇದು. ಕಿಟ್ ತಂದು ನಾಲ್ಕು ಸ್ಕ್ರೂ ಬಿಗಿದು ಹಾರಿಸುವವರಿಗೆ ಈ ಅಧ್ಯಾಯ ಸಿಗುವುದಿಲ್ಲ.

ಒಡಲು ಮಾಡುವುದು ಬೇರೆ ಬಗೆ. ಕ್ಯಾನ್‌ಬೆರಾದ ಒಡಲು ಉರುಟು, ಸಿಗಾರಿನ ಹಾಗೆ. ಐದು ಮಿಲಿಮೀಟರ್ ಫೋಮ್ ಹಾಳೆಯ ಒಳಮೈಗೆ ಉದ್ದಕ್ಕೂ ತೆಳುವಾಗಿ ಗೀರು ಹಾಕಿ, ದುಂಡನೆಯ ಬಿಲ್ಲೆಗಳ ಸುತ್ತ ಬಗ್ಗಿಸಿ ಅಂಟಿಸುತ್ತಾರೆ. ರೆಕ್ಕೆಯ ಒಳಗೆ ತೊಲೆಯಾಗಿ ಕಾರ್ಬನ್ ಕೊಳವೆ ಹಾಕುವುದು ವಾಡಿಕೆ. ಎಚ್.ಡಿ.ಕೋಟೆ ಕಡೆಯ ಮೇದರ ಮನೆಯಲ್ಲಿ ಸಿಗುವ, ಗಂಟು ತಪ್ಪಿಸಿ ಸೀಳಿದ ಒಣ ಬಿದಿರೂ ಈ ತೂಕಕ್ಕೆ ಸಾಲುತ್ತದೆ. ಮೈಮೇಲೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಕಂದು ಕಾಗದ ಮೆತ್ತಿದರೆ, ಒಣಗುವಾಗ ಕಾಗದ ಬಿಗಿದುಕೊಂಡು ಥರ್ಮಾಕೋಲಿಗೆ ಚರ್ಮ ಬರುತ್ತದೆ.

ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಒಂದಿದೆ. ಅಂಟು ಒಣಗುವ ತನಕ ಕಾಯಲಾರದೆ ಫೆವಿಕ್ವಿಕ್ ಹಾಕುವುದು, ಇಲ್ಲವೇ ಕಾಗದ ಮೆತ್ತದ ಜಾಗಕ್ಕೆ ಸ್ಪ್ರೇ ಪೇಂಟ್ ಹೊಡೆಯುವುದು. ಅವು ತಾಗಿದರೆ ಥರ್ಮಾಕೋಲ್ ಸಕ್ಕರೆಯ ಹಾಗೆ ಕರಗುತ್ತದೆ. ಒಂದು ವಾರದ ಕೆಲಸ ನೋಡುತ್ತಿದ್ದ ಹಾಗೇ ಜೇನುಗೂಡಾಗುತ್ತದೆ. ಗೋಡೆಗೆ ಬಳಿಯುವ ನೀರಿನ ಬಣ್ಣವಾದರೆ ಭಯವಿಲ್ಲ.

ಬಣ್ಣಕ್ಕೆ ಮೊದಲು ಕಾಕ್‌ಪಿಟ್. ಭಾರತ ಕೊಂಡ ಬಾಂಬರ್ ಕ್ಯಾನ್‌ಬೆರಾದಲ್ಲಿ ಪೈಲಟ್ ಕೂರುವ ಗಾಜಿನ ಗುಮ್ಮಟ ನಡುವೆ ಇಲ್ಲ, ಎಡಕ್ಕೆ ಸರಿದಿದೆ; ನ್ಯಾವಿಗೇಟರ್ ಮೂತಿಯ ಒಳಗೆ. ಗುಮ್ಮಟವನ್ನು ನಟ್ಟನಡುವೆ ಅಂಟಿಸಿದರೆ ತಿಳಿದವರು ದೂರದಿಂದಲೇ ತಪ್ಪು ಹಿಡಿಯುತ್ತಾರೆ. ಬಗಲಿಗೆ ವಾಯುಪಡೆಯ ವೃತ್ತ: ಹೊರಗೆ ಕೇಸರಿ, ಮಧ್ಯೆ ಬಿಳಿ, ಒಳಗೆ ಹಸಿರು. ಕ್ಯಾನ್‌ಬೆರಾ ಹಾರಿಸಿದ 5ನೇ ಸ್ಕ್ವಾಡ್ರನ್‌ನ ಹೆಸರು ಟಸ್ಕರ್ಸ್, ಎಂದರೆ ಸಲಗಗಳು, ಲಾಂಛನದಲ್ಲಿ ಆನೆ. ಕಾಡಾನೆ ಹಿಡಿಯುವ ಕಾಕನಕೋಟೆಯ ಖೆಡ್ಡಾ ನಡೆದ ತಾಲೂಕಿನಲ್ಲಿ ಬಾಂಬರ್ ಮೂತಿಗೆ ಆನೆ ಬಿಡಿಸುವ ಮಕ್ಕಳಿಗೆ ಮಾದರಿ ಚಿತ್ರ ಹುಡುಕಬೇಕಾಗಿಲ್ಲ.

ಎಂಜಿನ್ ಜಾಗದಲ್ಲಿ ಎರಡು ಡಕ್ಟೆಡ್ ಫ್ಯಾನ್. ಕೊಳವೆಯೊಳಗೆ ಕೂತ 64 ಮಿಲಿಮೀಟರ್ ಫ್ಯಾನು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಿ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಗಾಳಿ ಒಳಬರುವ ಬಾಯಿಯ ಅಂಚು ಚೂಪಾಗಿದ್ದರೆ ಗಾಳಿ ಮುರಿದು ಬಲ ಸೋರಿಹೋಗುತ್ತದೆ. ಬಳೆಯ ಅಂಚಿನಂತೆ ದುಂಡಗೆ ತೀಡಬೇಕು. ಈ ಸೀಮೆಗೆ ಇನ್ನೊಂದು ಲೆಕ್ಕವಿದೆ. ಹುಣಸೂರು, ಕೆ.ಆರ್.ನಗರ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇ 7ರಷ್ಟು ತೆಳು. ಮಂಗಳೂರಿನಲ್ಲಿ ಸಲೀಸಾಗಿ ಏರುವ ಮಾದರಿ ಇಲ್ಲಿ ಕೊಂಚ ಹೆಚ್ಚು ಓಟ ಕೇಳುತ್ತದೆ. ಅದಕ್ಕೆ ಮದ್ದು ಮೋಟಾರು ದೊಡ್ಡದು ಮಾಡುವುದಲ್ಲ, ತೂಕ ಇಳಿಸುವುದು.

ಎರಡು ಎಂಜಿನ್ ಇದ್ದಲ್ಲಿ ಒಂದು ಕೈಕೊಟ್ಟರೇನು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅಸಲಿ ಕ್ಯಾನ್‌ಬೆರಾದ ಪೈಲಟ್‌ಗಳಿಗೂ ಕಡಿಮೆ ವೇಗದಲ್ಲಿ ಒಂಟಿ ಎಂಜಿನ್ ದೊಡ್ಡ ಕಂಟಕವಾಗಿತ್ತು. ಬದುಕಿದ ಎಂಜಿನ್ ವಿಮಾನವನ್ನು ಸತ್ತ ಎಂಜಿನ್ ಕಡೆಗೆ ಮಗುಚುತ್ತದೆ. ಕಾರ್ಗಿಲ್ ಯುದ್ಧದ ಸಮಯದಲ್ಲಿ, 1999ರ ಮೇ 21ರಂದು, ಛಾಯಾಚಿತ್ರ ತೆಗೆಯಲು ಹೋದ ಕ್ಯಾನ್‌ಬೆರಾದ ಎಂಜಿನ್‌ಗೆ ಕ್ಷಿಪಣಿ ಬಡಿಯಿತು. ಸ್ಕ್ವಾಡ್ರನ್ ಲೀಡರ್ ಎ. ಪೆರುಮಾಳ್ ಉಳಿದೊಂದು ಎಂಜಿನ್‌ನಲ್ಲೇ ಶ್ರೀನಗರಕ್ಕೆ ತಂದು ಇಳಿಸಿದರು. ಅದು ವರ್ಷಗಳ ಅಭ್ಯಾಸದ ಕೈ. ನೆಲದ ಮೇಲೆ ರಿಮೋಟ್ ಹಿಡಿದ ಹೊಸಬನಿಗೆ ಹೇಳಿಕೊಡುವ ಪಾಠ ಬೇರೆ: ವಿಮಾನ ಒಂದು ಕಡೆಗೆ ಎಳೆಯಿತೋ, ತಕ್ಷಣ ಎರಡೂ ಮೋಟಾರು ನಿಲ್ಲಿಸು, ರೆಕ್ಕೆ ಮಟ್ಟ ಮಾಡು, ತೇಲಿಸಿ ಇಳಿಸು. ಇಲ್ಲಿಯೂ ಕಾಪಾಡುವುದು ಆ ಅಗಲ ರೆಕ್ಕೆಯೇ.

ಮೊದಲು ಹಗುರ ವಸ್ತುವಿನಲ್ಲಿ ಮಾಡಿ ನೋಡುವುದು ಆಟದವರ ಪದ್ಧತಿ ಮಾತ್ರವಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಮರುತ್ ಫೈಟರ್-ಬಾಂಬರ್ ವಿನ್ಯಾಸಕ್ಕೆ ಕೈಹಾಕಿದಾಗ, ಲೋಹದ ವಿಮಾನಕ್ಕೆ ಮೊದಲು ಅದೇ ಗಾತ್ರದ ಮರದ ಗ್ಲೈಡರ್ ಮಾಡಿಸಿದರು. 1959ರಿಂದ ಅದನ್ನು ಡಕೋಟಾ ವಿಮಾನದ ಹಿಂದೆ ಕಟ್ಟಿ ಮೇಲಕ್ಕೆಳೆದು, ಬಿಟ್ಟು, ಹಾರಿಸಿ ಪರೀಕ್ಷಿಸಿದರು. ಎಂಜಿನ್ ಇದ್ದ ಮರುತ್ 1961ರ ಜೂನ್ 17ರಂದು ಸುರಂಜನ್ ದಾಸ್ ಕೈಯಲ್ಲಿ ಹಾರಿತು. ಮರುತ್ ಇಂದು ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ನಿಂತಿದೆ. ಕ್ಯಾನ್‌ಬೆರಾ ಮುಗಿಸಿದವರು ಅದನ್ನು ಎರಡನೇ ಮಾದರಿಯಾಗಿ ಕೈಗೆತ್ತಿಕೊಳ್ಳಬಹುದು.

ಕಲಿಸುವವರು ಯಾರು? ಎನ್‌ಸಿಸಿ ವಾಯುದಳದ ಪಠ್ಯದಲ್ಲಿ ಏರೋಮಾಡೆಲಿಂಗ್ ಇದೆ; ವಾಯು ಸೈನಿಕ ಶಿಬಿರದಲ್ಲಿ ಕೆಡೆಟ್‌ಗಳು ಮಾದರಿ ಹಾರಿಸಿ ಸ್ಪರ್ಧಿಸುತ್ತಾರೆ. ಈ ಶಿಬಿರ ಬೆಂಗಳೂರಿನ ಜಕ್ಕೂರಿನಲ್ಲೂ ನಡೆದಿದೆ. ಆದರೆ ವಾಯುದಳದ ಘಟಕಗಳು ಹೆಚ್ಚಾಗಿ ನಗರದ ಕಾಲೇಜುಗಳಲ್ಲಿವೆ. ತಾಲೂಕು ಕೇಂದ್ರದ ಪ್ರೌಢಶಾಲೆಯ ವಿಜ್ಞಾನ ಕೊಠಡಿಗೆ ಒಂದು ಬಿಸಿತಂತಿಯ ಬಿಲ್ಲು, ಒಂದು ಗ್ಲೈಡರ್ ನಕ್ಷೆ ಬಂದರೆ ಅದಕ್ಕೆ ತಗಲುವ ಖರ್ಚು ಕ್ರಿಕೆಟ್ ಕಿಟ್ಟಿಗಿಂತ ಕಡಿಮೆ. ಇದು ಆಗಬೇಕಾದ ಕೆಲಸ.

ನಿಯಮಗಳೂ ಇವೆ. 2021ರ ಡ್ರೋನ್ ನಿಯಮಗಳು ರಿಮೋಟ್ ವಿಮಾನಕ್ಕೂ ಅನ್ವಯಿಸುತ್ತವೆ. ಎರಡು ಕಿಲೋ ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪರವಾನಗಿ ಬೇಡ. ಆದರೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರು ವಲಯವೇ ಎಂದು ನೋಡಿಕೊಳ್ಳಬೇಕು. ಮಾದರಿ ಕಣ್ಣಳತೆ ದಾಟಬಾರದು. ಕಬಿನಿ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ತೆರೆದುಕೊಳ್ಳುವ ಹುಲ್ಲುಗಾವಲು ರನ್‌ವೇ ಹಾಗೇ ಕಾಣುತ್ತದೆ, ಆದರೆ ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ಅದು ಆನೆಗಳ ಜಾಗ. ಅಲ್ಲಿ ಫ್ಯಾನಿನ ಕಿರುಚು ಬೇಡ.

ಜೂನ್‌ನಿಂದ ಆಗಸ್ಟ್‌ವರೆಗೆ ಪಿರಿಯಾಪಟ್ಟಣ, ಹುಣಸೂರು ಕಡೆ ಬೀಸುವ ಮುಂಗಾರಿನ ಗಾಳಿ ಫೋಮ್ ವಿಮಾನಕ್ಕೆ ಆಗದು. ಆ ತಿಂಗಳುಗಳು ಕತ್ತರಿಸಲು, ಅಂಟಿಸಲು. ಹಾರಿಸುವ ಕಾಲ ಬರುವುದು ಕೆ.ಆರ್.ನಗರದ ಕಾವೇರಿ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ, ಇಬ್ಬನಿ ಆರಿ ಬಿಸಿಲು ಬಲಿಯುವ ಮುಂಚೆ. ಬ್ಯಾಟರಿಯನ್ನು ಮೂತಿಯೊಳಗೆ ಹಿಂದೆ ಮುಂದೆ ಸರಿಸಿ, ರೆಕ್ಕೆಯ ಮುಂಭಾಗದ ಕಾಲು ಭಾಗದ ಹತ್ತಿರ ಎರಡು ಬೆರಳಿನ ಮೇಲೆ ವಿಮಾನ ಮಟ್ಟವಾಗಿ ನಿಲ್ಲುವಂತೆ ಮಾಡುತ್ತಾರೆ. ರಬ್ಬರ್ ಹಗ್ಗ ಎಳೆದು ಬಿಟ್ಟರೆ ಕ್ಯಾನ್‌ಬೆರಾ ಗದ್ದೆಯ ಬದುವಿನಿಂದ ಏರುತ್ತದೆ. ಬ್ಯಾಟರಿ ತಾಳುವುದು ನಾಲ್ಕೈದು ನಿಮಿಷ. ಮೂರನೆಯ ನಿಮಿಷಕ್ಕೇ ಇಳಿಸಲು ತಿರುಗಿಸಬೇಕು. ಚಕ್ರವಿಲ್ಲ, ಹೊಟ್ಟೆಯ ಮೇಲೇ ಜಾರುವುದು. ಭತ್ತದ ಕೂಳೆ ಮೆತ್ತಗೆ ತಡೆಯುತ್ತದೆ. ಓಡಿಹೋಗಿ ಎತ್ತಿಕೊಂಡವರು ಮೊದಲು ಮಾಡುವ ಕೆಲಸ, ಎರಡೂ ಎಂಜಿನ್ ಬಾಯಿಗೆ ಕಿರುಬೆರಳು ಹಾಕಿ ಹುಲ್ಲಿನ ಎಳೆ ಕೀಳುವುದು.